ಚುಕ್ಕಿಗೆ ಚುಕ್ಕಿ ಡಿಕ್ಕಿ ಹೊಡೆದರೆ?



ನಮ್ಮ ಚೇಳೂರು ಸಂತೆ ಹಲಸಿಗೆ ಹೆಸರುವಾಸಿ. ಹಲಸು ಮರದಲ್ಲೇ ಹಣ್ಣಾಗಿ ಬಿದ್ದು ಒಡೆದರೆ ವಾಸನೆ ಬೀದಿಗೆಲ್ಲಾ ಗೊತ್ತಾಗುತ್ತದೆ. ಆಕಾಶದಲ್ಲಿ ನಕ್ಷತ್ರಗಳೂ ಒಡೆಯುತ್ತವೆ ಅಂತ ಮೇಷ್ಟ್ರು ಹೇಳಿದಾಗ ನಾನು ನಂಬಲೇ ಇಲ್ಲ. ತಿಳಿದಷ್ಟು ಬರೆಯುತ್ತೇನೆ.

ನಮ್ಮ ಸೂರ್ಯ ಒಂಟಿ. ಆದರೆ ಎಷ್ಟೋ ನಕ್ಷತ್ರಗಳು ಜೋಡಿಯಾಗಿ ಸುತ್ತುತ್ತಿರುತ್ತವೆ. ಸೂರ್ಯನಂಥ ನಕ್ಷತ್ರದ ಉರುವಲು ತೀರಿದ ಮೇಲೆ ಉಳಿಯುವ ತಿರುಳೇ ಶ್ವೇತಕುಬ್ಜ. ಗಾತ್ರ ಸುಮಾರು ಭೂಮಿಯಷ್ಟು, ಆದರೆ ಭಾರ ಹೆಚ್ಚುಕಡಿಮೆ ಸೂರ್ಯನಷ್ಟು! ಸೂರ್ಯನ 1.4 ಪಟ್ಟಿಗಿಂತ ಹೆಚ್ಚು ಭಾರವನ್ನು ಅದು ತಡೆಯಲಾರದು ಅಂತ ಲೆಕ್ಕ ಹಾಕಿದವರು ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವರಿಗೆ 1983ರಲ್ಲಿ ನೊಬೆಲ್ ಬಹುಮಾನ ಬಂತು. ಎರಡು ಶ್ವೇತಕುಬ್ಜಗಳು ಸುತ್ತುತ್ತಾ ಸುತ್ತುತ್ತಾ ಹತ್ತಿರ ಬಂದು ಸೇರಿಕೊಂಡರೆ ಒಳಗಿನ ಇಂಗಾಲಕ್ಕೆ ಒಮ್ಮೆಗೇ ಬೆಂಕಿ ಹತ್ತಿ ಎಲ್ಲಾ ಸಿಡಿಯಬಹುದು. ಇದು ಒಂದು ಬಗೆಯ ಸೂಪರ್‌ನೋವಾ.

ಬಹಳ ದೊಡ್ಡ ನಕ್ಷತ್ರ ಸಿಡಿದು ಸತ್ತರೆ ನ್ಯೂಟ್ರಾನ್ ನಕ್ಷತ್ರ ಉಳಿಯಬಹುದು. ಅದರ ಅಡ್ಡಗಲ ಸುಮಾರು 20 ಕಿ.ಮೀ. ನಮ್ಮ ಗುಬ್ಬಿ ತಾಲ್ಲೂಕಿನೊಳಗೇ ಇಡಬಹುದು. ಭಾರ ಮಾತ್ರ ಸೂರ್ಯನಿಗಿಂತ ಹೆಚ್ಚು! 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಇಂಥ ಎರಡು ಡಿಕ್ಕಿಯಾದ ಸುದ್ದಿ 2017ರ ಆಗಸ್ಟ್ 17ರಂದು ಭೂಮಿಗೆ ಮುಟ್ಟಿತು. ಮೊದಲು ಬಂದದ್ದು ಗುರುತ್ವದ ಅಲೆ, ಕೆರೆಗೆ ಕಲ್ಲು ಹಾಕಿದರೆ ಅಲೆ ಏಳುವ ಹಾಗೆ. 1.7 ಸೆಕೆಂಡು ಕಳೆದು ಗಾಮಾ ಕಿರಣಗಳ ಸ್ಫೋಟ ಬಂತು. ಈ ಕಿರಣಗಳನ್ನು ವಾತಾವರಣ ತಡೆಯುವುದರಿಂದ ನಾವು ಹೆದರಬೇಕಾಗಿಲ್ಲ. ನೋಡಲು ಉಪಗ್ರಹವೇ ಬೇಕು.

ಇಸ್ರೋ 2015ರಲ್ಲಿ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹ ತಯಾರಾದದ್ದು ಬೆಂಗಳೂರಿನಲ್ಲಿ. ಆ ದಿನ ಅದಕ್ಕೆ ಸ್ಫೋಟ ಕಾಣಲಿಲ್ಲ, ಯಾಕೆಂದರೆ ಭೂಮಿ ಅಡ್ಡ ಇತ್ತು. ಕಾಣದ್ದರಿಂದಲೂ ಉಪಯೋಗವಾಯಿತು! ಕಣ್ಣಾಮುಚ್ಚಾಲೆ ಆಡುವಾಗ ಮನೆಯ ಮುಂದೆ ಕಾಣದವನು ಹಿತ್ತಲಲ್ಲಿರಬೇಕು, ಅಲ್ವಾ? ಹಾಗೇ ಸ್ಫೋಟದ ದಿಕ್ಕನ್ನು ಹುಡುಕಲು ಸಹಾಯವಾಯಿತು. ಲಡಾಖಿನ ಹಾನ್ಲೆಯಲ್ಲಿ ಚಂದ್ರಶೇಖರರ ಹೆಸರಿನ ದೂರದರ್ಶಕವಿದೆ. ಅದನ್ನು ನಮ್ಮ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ಅದರಿಂದ ಎಷ್ಟೋ ಸೂಪರ್‌ನೋವಾಗಳನ್ನು ನೋಡಿದ್ದಾರೆ.

ಚಿನ್ನದಂಥ ಭಾರದ ಧಾತುಗಳು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿಯಲ್ಲಿ ಹುಟ್ಟುತ್ತವಂತೆ. ಇದನ್ನು ಕೇಳಿ ನನಗೆ ಅಮ್ಮನ ಓಲೆ ನೆನಪಾಯಿತು. ನಮ್ಮ ತೋಟದ ಬೋರು ಬತ್ತಿದಾಗ ಅಪ್ಪ ಓಲೆ ಅಡವಿಟ್ಟು ಹೊಸದು ಕೊರೆಸಿದರು. ಅದರಲ್ಲೂ ನೀರು ಬರಲಿಲ್ಲ. ಅಮ್ಮನ ಕಿವಿಯಲ್ಲಿ ಈಗ ಬೇವಿನ ಕಡ್ಡಿ ಇದೆ. ಚಿನ್ನ ನಕ್ಷತ್ರದಿಂದ ಬಂದದ್ದು ಅಂತ ನಾನು ಹೇಳಿದೆ. ಅಮ್ಮ ಸೊಪ್ಪು ಸೋಸುತ್ತಾ, “ಅಷ್ಟು ದೂರದಿಂದ ಬಂದಿರೋದು, ಬ್ಯಾಂಕಿಂದ ಮನೆಗೆ ಬರಲ್ವಾ? ಬರ್ತದೆ ಬಿಡು” ಅಂದರು.

ಗೆಳೆಯರೇ, ರಾತ್ರಿ ಕರೆಂಟು ಹೋದರೆ ಬೈಯ್ಯಬೇಡಿ. ಅಂಗಳಕ್ಕೆ ಬಂದು ಮೇಲೆ ನೋಡಿ.

— 7ನೇ ತರಗತಿ