ಒಂದು ಗುಂಡು ಹಾರಿದ ಮೇಲೆ

ಗುರಾಣಿಯ ನಟ್ಟನಡುವೆ ಕೋವಿಯ ನಳಿಗೆ! ಮರದ ಹಲಗೆಗೆ ಉಕ್ಕಿನ ತಗಡು ಹೊದಿಸಿದ ದುಂಡನೆಯ ಗುರಾಣಿ. ಅದರ ಹೊಕ್ಕುಳಿನಿಂದ ಮೋಟು ನಳಿಗೆಯೊಂದು ಮುಂದಕ್ಕೆ ಚಾಚಿದೆ. ಅದರ ಮೇಲ್ಗಡೆ ಪುಟ್ಟ ಜಾಲರಿಯ ಕಿಂಡಿ. ಹಿಂದೆ ಮೈ ಮರೆಸಿಕೊಂಡು ನಿಂತವನು ಆ ಕಿಂಡಿಯಲ್ಲಿ ಕಣ್ಣಿಟ್ಟು ಗುರಿ ನೋಡಬೇಕು, ಗುಂಡು ಹಾರಿಸಬೇಕು, ಮರುಕ್ಷಣ ಅದೇ ಗುರಾಣಿಯಲ್ಲಿ ಎದುರಾಳಿಯ ಏಟನ್ನೂ ತಡೆಯಬೇಕು. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಕಾಲದ ಈ ಅದ್ಭುತಗಳು ಇಂದಿಗೂ ಅಲ್ಲಿನ ರಾಯಲ್ ಆರ್ಮರೀಸ್ ಸಂಗ್ರಹದಲ್ಲಿವೆ.

ಇಂಥ ಗುರಾಣಿಗಳನ್ನು ಮಾಡಿಕೊಡುತ್ತೇನೆಂದು 1544ರಲ್ಲಿ ಹೆನ್ರಿಗೆ ಬರೆದುಕೊಂಡವನು ಇಟಲಿಯ ರವೆನ್ನಾದ ಜೊವಾನ್‌ಬತ್ತಿಸ್ತಾ. ಅವನು ಸೇನಾನಿಯಲ್ಲ, ಕಮ್ಮಾರನೂ ಅಲ್ಲ, ಚಿತ್ರಕಾರ! ಮೂರು ವರ್ಷದ ಬಳಿಕ, ಹೆನ್ರಿ ತೀರಿಕೊಂಡಾಗ ಬರೆದ ಆಸ್ತಿಪಟ್ಟಿಯಲ್ಲಿ ಕೋವಿ ಕೂಡಿಸಿದ ಗುರಾಣಿಗಳು 35 ಇದ್ದವು. 1545ರಲ್ಲಿ ಮುಳುಗಿದ ಅವನ ಯುದ್ಧನೌಕೆ ಮೇರಿ ರೋಸ್‌ನ ಅವಶೇಷಗಳ ನಡುವೆಯೂ ಇಂಥವು ಸಿಕ್ಕಿವೆ.

ನನ್ನನ್ನು ಮರುಳುಮಾಡಿದ್ದು ಈ ಗುರಾಣಿಯ ಹಿಂಭಾಗ. ಕೊಡಗಿನಲ್ಲೋ ಮಲೆನಾಡಿನಲ್ಲೋ ಕೇಪಿನ ಕೋವಿ ತುಂಬುವುದನ್ನು ಕಂಡವರಿಗೆ ಆ ಕಷ್ಟ ಗೊತ್ತು: ಮೂತಿಯಿಂದ ಮದ್ದು ಸುರಿದು, ಗುಂಡು ಇಳಿಸಿ, ಗಜದಿಂದ ಜಡಿಯಬೇಕು. ಗುರಾಣಿ ಹಿಡಿದು ನಿಂತವನು ನಳಿಗೆಯ ಮೂತಿಯ ಕಡೆಗೆ ಹೋಗುವುದೆಂದರೆ ಶತ್ರುವಿನ ಮುಂದೆ ಹೋದಂತೆಯೇ! ಹಾಗಾಗಿ ಇದನ್ನು ಹಿಂದಿನಿಂದಲೇ ತುಂಬುವಂತೆ ಮಾಡಿದ್ದಾರೆ. ಮದ್ದುಗುಂಡು ತುಂಬಿಟ್ಟ ಸಣ್ಣ ಕಬ್ಬಿಣದ ಕೊಳವೆಯನ್ನು ನಳಿಗೆಯ ಹಿಂಬದಿಗೆ ಸೇರಿಸಿದರಾಯಿತು, ಉರಿಯುವ ಬತ್ತಿ ಅದಕ್ಕೆ ಕಿಡಿ ಮುಟ್ಟಿಸುತ್ತದೆ. ಈಗಿನ ತೋಟಾದ ಯೋಚನೆ ಹದಿನಾರನೆಯ ಶತಮಾನದ ಒಂದು ಗುರಾಣಿಯ ಬೆನ್ನಿಗೆ ಅಂಟಿಕೊಂಡಿತ್ತು!

ಇಷ್ಟೆಲ್ಲ ಒದ್ದಾಟ ಯಾಕೆ? ಆ ಕಾಲದ ಕೋವಿಗೆ ಇದ್ದದ್ದು ಒಂದೇ ಗುಂಡು. ಅದು ಹಾರಿದ ಮೇಲೆ ಮತ್ತೆ ತುಂಬುವವರೆಗೆ ಕೈಯಲ್ಲಿ ಉಳಿಯುವುದು ಬರೀ ಬಿಸಿ ಕೊಳವೆ. ಮಳೆಗೆ ಬತ್ತಿ ಆರಿದರೆ ಆ ಒಂದು ಗುಂಡೂ ಇಲ್ಲ. ಎದುರಿನವನು ಓಡಿ ಬರುತ್ತಿದ್ದಾನೆ. ಆ ಭಯಂಕರ ಬಿಡುವನ್ನು ತುಂಬಲು ಹೊರಟವರ ಕೈಯಿಂದ ಏನೇನೆಲ್ಲ ಹುಟ್ಟಿತು ನೋಡಿ! ಹೆನ್ರಿಯದೇ ಎಂದು ಹೆಸರಾದ ಊರುಗೋಲೊಂದು ಲಂಡನ್ ಟವರ್‌ನ ಪ್ರಸಿದ್ಧ ಆಯುಧಗಳಲ್ಲಿ ಒಂದು. ತುದಿಯಲ್ಲಿ ಮುಳ್ಳುಗಳೆದ್ದ ಗದೆಯ ತಲೆ, ಆ ತಲೆಯೊಳಗೆ ಮೂರು ನಳಿಗೆ. ರಾಜ ಅದನ್ನು ಹಿಡಿದು ರಾತ್ರಿ ಮಾರುವೇಷದಲ್ಲಿ ಲಂಡನ್ನಿನ ಬೀದಿ ಸುತ್ತುತ್ತಿದ್ದನಂತೆ, ಕಾವಲುಗಾರ ಗುರುತು ಹಿಡಿಯದೆ ಅವನನ್ನೇ ಕೂಡಿಹಾಕಿದನಂತೆ. ಕಥೆ ಕಥೆಯಾಗಿಯೇ ಇರಲಿ, ಮೂರು ನಳಿಗೆಯ ಗದೆ ಮಾತ್ರ ಸತ್ಯ.

ಕತ್ತಿಗೇ ಕೋವಿ ಕೂಡಿಸುವ ಕುಲುಮೆಯನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಕತ್ತಿಯ ಅಲಗಿಗೆ ಗಟ್ಟಿ ಉಕ್ಕು ಬೇಕು, ನೀರು ಕುಡಿಸಿ ಹದಮಾಡಿದ್ದು, ಬಾಗಿ ಮತ್ತೆ ನೆಟ್ಟಗಾಗುವಂಥದ್ದು. ನಳಿಗೆಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಮೆತು ಕಬ್ಬಿಣ. ಪಟ್ಟಿಯನ್ನು ಕಂಬಿಗೆ ಸುತ್ತಿ, ಬೆಳ್ಳಗೆ ಹೊಳೆಯುವಂತೆ ಕಾಯಿಸಿ, ಬಡಿದು ಬೆಸೆದ ಆ ನಳಿಗೆ ಮದ್ದಿನ ಒತ್ತಡಕ್ಕೆ ಕೊಂಚ ಹಿಗ್ಗಬೇಕೇ ಹೊರತು ಗಾಜಿನಂತೆ ಸಿಡಿಯಬಾರದು. ಒಂದಕ್ಕೆ ಹದ ಕೊಡುವ ಬೆಂಕಿ ಇನ್ನೊಂದರ ಹದ ಕೆಡಿಸೀತು. ಭಾರ ಎಲ್ಲಿ ಕೂರಬೇಕು? ಬೀಸಿದಾಗ ಕೋವಿಯ ಕುದುರೆ, ಕಿವಿ, ಬತ್ತಿ ಅಡ್ಡ ಬರದಂತೆ ಇಡುವುದೆಲ್ಲಿ? ಉರಿಯುವ ಬತ್ತಿಯ ಗೋಜೇ ಇಲ್ಲದ, ತಿರುಗುವ ಚಕ್ರ ಕಲ್ಲಿಗೆ ಉಜ್ಜಿ ಕಿಡಿ ಹಾರಿಸುವ ಕೋವಿ ಬಂದ ಮೇಲೆ ಜರ್ಮನಿಯ ಕುಶಲಿಗರಿಗೆ ರೆಕ್ಕೆಯೇ ಮೂಡಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಅಂಥ ಪಿಸ್ತೂಲು ಜೋಡಿಸಿದ ಬೇಟೆಗತ್ತಿಯೊಂದಿದೆ. ಅಂಬ್ರೋಸಿಯುಸ್ ಗೆಮ್ಲಿಷ್ ಎಂಬ ಕಲಾವಿದ ಅದರ ಅಲಗಿನ ಮೇಲೆ ಪಂಚಾಂಗವನ್ನೇ ಕೊರೆದಿದ್ದಾನೆ! ಕತ್ತಿ, ಕೋವಿ, ಕ್ಯಾಲೆಂಡರ್, ಮೂರೂ ಒಂದೇ ಹಿಡಿಯಲ್ಲಿ.

ನಮ್ಮ ದೇಶವೂ ಹಿಂದೆ ಬೀಳಲಿಲ್ಲ. ಮುಷ್ಟಿಯಲ್ಲಿ ಅಡ್ಡಹಿಡಿ ಹಿಡಿದು ಚುಚ್ಚುವ ಕಠಾರಿಯ ಎರಡೂ ಬದಿಗೆ ಒಂದೊಂದು ಪಿಸ್ತೂಲು ಕೂರಿಸಿದವರು ಇಲ್ಲಿದ್ದರು.

ಈ ಎಲ್ಲ ವಿಚಿತ್ರಗಳ ಸಾಲಿನಲ್ಲಿ ಲೋಕವನ್ನೇ ಗೆದ್ದದ್ದು ತೀರ ಸರಳವಾದ ಒಂದು: ಕೋವಿಯ ತುದಿಗೆ ಸಿಕ್ಕಿಸುವ ಬಾಕು, ಬಯೋನೆಟ್. ಅದೂ ಒಂದೇ ಸಲಕ್ಕೆ ಕೈಗೂಡಲಿಲ್ಲ. ಮೊದಮೊದಲು ಬಾಕುವಿನ ಹಿಡಿಯನ್ನು ಕೋವಿಯ ಮೂತಿಗೇ ತುರುಕುತ್ತಿದ್ದರು. ಸಿಕ್ಕಿಸಿದರೆ ಗುಂಡು ಹಾರದು, ಸಿಕ್ಕಿಸದಿದ್ದರೆ ತಿವಿಯಲಾಗದು. 1689ರಲ್ಲಿ ಸ್ಕಾಟ್ಲೆಂಡಿನ ಕಿಲಿಕ್ರ್ಯಾಂಕಿಯಲ್ಲಿ ಮೆಕೈ ಎಂಬ ಸೇನಾನಿಯ ಸಿಪಾಯಿಗಳು ಅದನ್ನು ಸಿಕ್ಕಿಸುವಷ್ಟರಲ್ಲಿ ಗುಡ್ಡದಿಂದ ನುಗ್ಗಿ ಬಂದ ಹೈಲ್ಯಾಂಡರ್ ಎಂಬ ಗುಡ್ಡಗಾಡಿನವರ ಕತ್ತಿಗಳು ಅವರ ಮೇಲಿದ್ದವು. ಅಲಗನ್ನು ಮೂತಿಯಿಂದ ತೆಗೆದು ನಳಿಗೆಯ ಪಕ್ಕಕ್ಕೆ ಸರಿಸಿ, ಕೊಳವೆಯಂಥ ಬಳೆಯಿಂದ ಬಿಗಿದ ಮೇಲೆಯೇ ಗುಂಡು ಮತ್ತು ಈಟಿ ಒಟ್ಟಿಗೆ ಬಾಳಿದ್ದು.

ಇನ್ನು ಮೈಸೂರು! ಹೈದರ್ ಮತ್ತು ಟಿಪ್ಪುವಿನ ಸೈನ್ಯದ ರಾಕೆಟ್ ಎಂದರೆ ಮದ್ದು ತುಂಬಿದ ಕಬ್ಬಿಣದ ಕೊಳವೆಗೆ ಬಿದಿರಿನ ಬಾಲ ಎಂದೇ ನಾವು ಓದಿದ್ದು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯೊಂದರಿಂದ ಹೊರಬಂದ ಸಾವಿರಕ್ಕೂ ಮಿಕ್ಕ ರಾಕೆಟ್‌ಗಳು ಅಂಥ ಕೊಳವೆಗಳೇ. ಆದರೆ ಇಂಗ್ಲೆಂಡಿನ ವುಲ್ಲಿಚ್‌ನ ಫಿರಂಗಿದಳದ ಸಂಗ್ರಹ ಸೇರಿದ ಒಂದು ರಾಕೆಟ್‌ಗೆ ಬಿದಿರೇ ಇಲ್ಲ. ಹತ್ತು ಅಂಗುಲದ ಕಬ್ಬಿಣದ ಕೊಳವೆಯನ್ನು ತೊಗಲಿನ ಪಟ್ಟಿಗಳಿಂದ ಬಿಗಿದು ಕಟ್ಟಿರುವುದು ಒಂದು ನೇರ ಕತ್ತಿಗೆ. ಅಲಗಿನ ಉದ್ದ ಮೂರು ಅಡಿ ನಾಲ್ಕು ಅಂಗುಲ! ಬಾಲವಿಲ್ಲದ ರಾಕೆಟ್ ನೆಟ್ಟಗೆ ಹಾರದು. ಇಲ್ಲಿ ಆ ಬಾಲವೇ ಕತ್ತಿ. ಕೋವಿಗೆ ಅಲಗು ಹಚ್ಚಿದವರು ಎಷ್ಟೋ ಜನ, ಆದರೆ ಮದ್ದಿನ ಹೆಗಲೇರಿಸಿ ಕತ್ತಿಯನ್ನೇ ಆಕಾಶಕ್ಕೆ ಹಾರಿಸಿದವರು ನಮ್ಮವರು.