ಬಸ್ಸಿನ ಅರ್ಜಿ, ರೈಲಿನ ತಕರಾರು

ಬಸ್ ಕಂಪನಿಯ ಅರ್ಜಿಯಲ್ಲಿ ಹೇಳುವಂಥದ್ದು ಹೆಚ್ಚೇನೂ ಇರುತ್ತಿರಲಿಲ್ಲ. ಎಲ್ಲಿಂದ ಎಲ್ಲಿಗೆ, ಊರಿನ ಯಾವ ಬೀದಿಗಳ ಮೂಲಕ, ದಿನಕ್ಕೆ ಎಷ್ಟು ಟ್ರಿಪ್, ಟಿಕೆಟ್ ಎಷ್ಟು ಎಂಬಷ್ಟೇ. ಅದನ್ನು ಕೈಗೆತ್ತಿಕೊಂಡು ಕೂತವರೂ ಸಾರಿಗೆ ಪಂಡಿತರಲ್ಲ. 1920ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ‘ಟೌನ್ ಬೋರ್ಡ್’ ಎಂದರೆ ಊರಿನ ಸೂಪರ್‌ವೈಸರ್, ಒಬ್ಬ ಗುಮಾಸ್ತ, ಸಣ್ಣಪುಟ್ಟ ವ್ಯಾಜ್ಯ ತೀರಿಸುವ ಸ್ಥಳೀಯ ನ್ಯಾಯಾಧೀಶರು. ರಸ್ತೆಗೆ ಜಲ್ಲಿ, ಮೋರಿಗೆ ದುಡ್ಡು ಇಂಥವೇ ಅವರ ನಿತ್ಯದ ತಲೆಬಿಸಿ. ಅವರ ಮುಂದೆ ಬಸ್ಸಿನ ಅರ್ಜಿ ಬಂತೆಂದರೆ ಹಿಂದೆಯೇ ರೈಲು ಕಂಪನಿಯ ವಕೀಲರೂ ಬಂದರೆಂದೇ ಲೆಕ್ಕ.

ಬಸ್ಸಿನವರು ಎರಡು ಕಡೆ ಕೈಮುಗಿಯಬೇಕಿತ್ತು. ಬೀದಿ ಬಳಸಲು ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು. ಆಮೇಲೆ ರಾಜ್ಯದ ಪಬ್ಲಿಕ್ ಸರ್ವಿಸ್ ಕಮಿಷನ್ನಿನಿಂದ ‘ಸಾರ್ವಜನಿಕ ಅನುಕೂಲ ಮತ್ತು ಅಗತ್ಯ’ದ ಪ್ರಮಾಣಪತ್ರ ಪಡೆಯಬೇಕು. ಮೊದಲನೆಯದು ಬೀದಿಯ ಪ್ರಶ್ನೆ. ಬಸ್ಸು ಎಲ್ಲಿ ನಿಲ್ಲಬೇಕು, ಅಪಘಾತವಾದರೆ ಪರಿಹಾರಕ್ಕೆ ಯಾರು ಹೊಣೆ, ಹಿಮ ಬಿದ್ದಾಗಲೂ ಓಡಿಸುತ್ತಾರೋ ಇಲ್ಲವೋ ಎಂಬುದು. ಎರಡನೆಯದು ಪೈಪೋಟಿಯ ಪ್ರಶ್ನೆ. ರೈಲು ಇರುವಾಗ ಬಸ್ಸು ಬೇಕೇ ಎಂಬುದು. ಕಾಗದದಲ್ಲಿ ಎರಡೂ ಬೇರೆ ಬೇರೆ. ಊರಿನ ಸಭೆಯಲ್ಲಿ ಮಾತ್ರ ಇವು ಒಂದಕ್ಕೊಂದು ಹೆಣೆದುಕೊಳ್ಳುತ್ತಿದ್ದವು. ರೈಲಿನವರಿಗೆ ಬೇಕಿದ್ದದ್ದೂ ಅದೇ.

ಬಸ್ಸುಗಳು ಎಲ್ಲಿಂದ ಹುಟ್ಟಿಕೊಂಡವು ಎಂದು ನೋಡಿದರೆ ಈ ಜಗಳದ ಬೇರು ತಿಳಿಯುತ್ತದೆ. 1914ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕೆಲವರು ತಮ್ಮ ಫೋರ್ಡ್ ಕಾರುಗಳಲ್ಲಿ ಟ್ರಾಮಿನಷ್ಟೇ ದರಕ್ಕೆ, ಅಂದರೆ 5 ಸೆಂಟಿಗೆ, ಜನರನ್ನು ಹತ್ತಿಸಿಕೊಳ್ಳತೊಡಗಿದರು. ಇವಕ್ಕೆ ‘ಜಿಟ್ನಿ’ ಎಂದು ಹೆಸರು ಬಿತ್ತು. ಮರುವರ್ಷದ ಹೊತ್ತಿಗೆ ದೇಶದಲ್ಲಿ ಸುಮಾರು 62,000 ಜಿಟ್ನಿಗಳಿದ್ದವೆಂಬ ಅಂದಾಜಿದೆ. ಬೆಳಗ್ಗೆ ಕೆಲಸಕ್ಕೆ ಹೋಗುವವನು ದಾರಿಯಲ್ಲಿ ನಾಲ್ವರನ್ನು ಕೂರಿಸಿಕೊಂಡು ಪೆಟ್ರೋಲ್ ದುಡ್ಡು ಗಿಟ್ಟಿಸಿಕೊಳ್ಳುತ್ತಿದ್ದ. ಟ್ರಾಮ್ ಕಂಪನಿಗಳು ಹೌಹಾರಿದವು. ಊರೂರಿನ ಪುರಸಭೆಗಳು ಭಾರಿ ಮೊತ್ತದ ಬಾಂಡ್, ಲೈಸೆನ್ಸ್ ಶುಲ್ಕ, ಇಂತಿಷ್ಟು ಗಂಟೆ ಓಡಿಸಲೇಬೇಕೆಂಬ ಷರತ್ತು ಹಾಕಿದವು. 1918ರ ಕೊನೆಗೆ ಉಳಿದದ್ದು 6,000ಕ್ಕೂ ಕಡಿಮೆ. ‘ಬೇಡ’ ಎಂದು ಬಾಯಿಬಿಟ್ಟು ಹೇಳದೆ, ಬರೀ ಷರತ್ತು ಹಾಕಿಯೇ ವಾಹನವೊಂದನ್ನು ರಸ್ತೆಯಿಂದ ಇಳಿಸಬಹುದೆಂಬ ಪಾಠವನ್ನು ಸ್ಥಳೀಯ ಆಡಳಿತಗಳು ಆಗಲೇ ಕಲಿತಿದ್ದವು.

ಅದೇ 1914ರಲ್ಲಿ, ಮಿನ್ನೆಸೋಟದ ಹಿಬ್ಬಿಂಗ್ ಎಂಬ ಕಬ್ಬಿಣದ ಗಣಿಯೂರಿನಲ್ಲಿ ಕಾರ್ಲ್ ಎರಿಕ್ ವಿಕ್‌ಮನ್ ಎಂಬ ಸ್ವೀಡನ್ ಮೂಲದವನು ಮಾರಲಾಗದೆ ಉಳಿದ ಏಳು ಸೀಟಿನ ಹಪ್‌ಮೊಬೈಲ್ ಕಾರಿನಲ್ಲಿ ಗಣಿ ಕಾರ್ಮಿಕರನ್ನು ಪಕ್ಕದ ಆಲಿಸ್ ಎಂಬಲ್ಲಿಗೆ ಬಿಡತೊಡಗಿದ. ತಲೆಗೆ 15 ಸೆಂಟ್. ಹಿಬ್ಬಿಂಗ್‌ನದೂ ವಿಚಿತ್ರ ಕತೆ. ಊರಿನ ಅಡಿಯಲ್ಲೇ ಅದಿರು ಇದ್ದುದರಿಂದ 1919ರಿಂದ ಮನೆ, ಕಟ್ಟಡಗಳನ್ನು ಇಡಿಯಾಗಿ ಎತ್ತಿ ಆಲಿಸ್ ಕಡೆಗೆ ಸಾಗಿಸಲಾಯಿತು. ಊರೇ ಜಾಗ ಬದಲಿಸುವಾಗ ಹಳಿಗೆ ಅಂಟಿಕೊಂಡ ರೈಲು ಏನು ಮಾಡೀತು? ರಸ್ತೆಯ ಮೇಲಿನ ಬಸ್ಸಿಗಾದರೆ ಆ ತೊಡಕಿಲ್ಲ. ವಿಕ್‌ಮನ್ ಹಾಗೂ ಅವನ ಪಾಲುದಾರರ ಆ ವ್ಯವಹಾರವೇ ಮುಂದೆ ಗ್ರೇಹೌಂಡ್ ಬಸ್ ಕಂಪನಿ ಆಯಿತು.

ಈಗ ರೈಲಿನವರ ವಾದಕ್ಕೆ ಬರೋಣ. ಅದನ್ನು ಹೊಟ್ಟೆಕಿಚ್ಚು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ. ನಮ್ಮ ಹಳಿ ನಾವೇ ಹಾಕಿದ್ದು, ರಿಪೇರಿಯೂ ನಮ್ಮದೇ, ಆ ಹಳಿ ಇರುವ ನೆಲಕ್ಕೆ ಈ ಊರಿಗೇ ತೆರಿಗೆ ಕಟ್ಟುತ್ತೇವೆ ಎನ್ನುತ್ತಿದ್ದರು. ಸುಳ್ಳಲ್ಲ. ಅನೇಕ ಸಣ್ಣ ಊರುಗಳಲ್ಲಿ ಅತಿ ಹೆಚ್ಚು ತೆರಿಗೆ ಕಟ್ಟುತ್ತಿದ್ದುದು ರೈಲು ಕಂಪನಿಯೇ. ಬಸ್ಸು ಓಡುವುದು ಜನರ ದುಡ್ಡಿನಲ್ಲಿ ಆದ ರಸ್ತೆಯ ಮೇಲೆ. 1916ರ ಕಾನೂನಿನಿಂದ ಒಕ್ಕೂಟ ಸರ್ಕಾರವೂ ರಸ್ತೆಗೆ ಹಣ ಹರಿಸತೊಡಗಿತ್ತು. ರೈಲಿನ ತೆರಿಗೆಯಿಂದಲೇ ರಸ್ತೆ ಮಾಡಿ, ಅದೇ ರಸ್ತೆಯಲ್ಲಿ ರೈಲಿನ ಗಿರಾಕಿಯನ್ನು ಎತ್ತಿಕೊಂಡು ಹೋಗಲು ಬಸ್ಸಿಗೆ ಬಿಡುವುದೇ? ಹಳಿ ದಾಟುವಲ್ಲಿ ಕಾರುಗಳಿಗಾಗಿ ಮೇಲ್ಸೇತುವೆ ಕಟ್ಟಿದರೆ ಆ ಖರ್ಚಿನಲ್ಲೂ ರೈಲಿಗೆ ಪಾಲು!

ಇನ್ನೊಂದು ವಾದ ಇದಕ್ಕಿಂತ ಗಟ್ಟಿ. ಉಗಿಬಂಡಿಯ ಒಂದು ಲೋಕಲ್ ರೈಲಿಗೆ ಡ್ರೈವರ್, ಕಲ್ಲಿದ್ದಲು ತುಂಬುವವ, ಕಂಡಕ್ಟರ್, ಬ್ರೇಕ್ ನೋಡುವವ ಎಂದು ನಾಲ್ಕು ಜನ ಬೇಕು. ನಷ್ಟವಾಯಿತೆಂದು ನಾಳೆಯಿಂದ ನಿಲ್ಲಿಸುತ್ತೇವೆ ಎನ್ನುವಂತಿಲ್ಲ. 1920ರ ಸಾರಿಗೆ ಕಾಯ್ದೆಯ ಪ್ರಕಾರ ಮಾರ್ಗವೊಂದನ್ನು ಕೈಬಿಡಲು ಅಂತರರಾಜ್ಯ ವಾಣಿಜ್ಯ ಆಯೋಗದ ಅಪ್ಪಣೆ ಬೇಕಿತ್ತು. ಬಸ್ಸಿನವನು ಬೆಳಗ್ಗೆ ಸಂಜೆ ತುಂಬಿದ ಟ್ರಿಪ್ ಎರಡನ್ನು ಹೊಡೆದು ಮನೆಗೆ ಹೋಗುತ್ತಾನೆ. ಸಂತೆಯ ದಿನ ಮಾತ್ರ ಬಂದು ನೆಲದ ಮೇಲೆ ಗೋಣಿ ಹಾಸಿ ಮಾರುವವನನ್ನು ವರ್ಷವಿಡೀ ಬಾಡಿಗೆ ಕಟ್ಟುವ ಅಂಗಡಿಯವನು ನೋಡುವ ಹಾಗೆ ರೈಲು ಬಸ್ಸನ್ನು ನೋಡುತ್ತಿತ್ತು. ಅದೇ ರೈಲಿನಲ್ಲಿ ಊರಿನ ಟಪಾಲು ಬರುತ್ತದೆ, ರೈತರ ಹಾಲಿನ ಕ್ಯಾನು ಹೋಗುತ್ತದೆ. ಪ್ರಯಾಣಿಕರು ಕೈಬಿಟ್ಟರೆ ಹಾಲು, ಟಪಾಲಿನ ಗತಿ ಏನು ಎಂದು ಕೇಳಿದರೆ ಬೋರ್ಡಿನ ಸದಸ್ಯರು ಮುಖ ಮುಖ ನೋಡಿಕೊಳ್ಳಬೇಕಾದ್ದೇ.

ಸದಸ್ಯರಿಗೆ ತಮ್ಮದೇ ಲೆಕ್ಕಾಚಾರಗಳೂ ಇದ್ದವು. ಬಸ್ಸು ಬಂದರೆ ಹಳ್ಳಿಯ ಗಿರಾಕಿ ನಮ್ಮೂರಿಗೆ ಬರುತ್ತಾನೋ, ನಮ್ಮೂರಿನ ಗಿರಾಕಿ ದೊಡ್ಡೂರಿನ ಅಂಗಡಿಗೆ ಹೋಗುತ್ತಾನೋ? ಅಂಗಡಿಕಾರರಲ್ಲೇ ಇದಕ್ಕೆ ಎರಡು ಉತ್ತರ. ರೈಲು ನಿಲ್ದಾಣ ಊರಾಚೆ, ಬಸ್ಸು ಮುಖ್ಯಬೀದಿಯ ಅಂಗಡಿಯ ಮುಂದೆಯೇ. ಆದರೆ ಸ್ಟೇಷನ್ ಮಾಸ್ತರ ಪಕ್ಕದ ಮನೆಯವನು, ಭಾನುವಾರ ಚರ್ಚಿನಲ್ಲಿ ಒಂದೇ ಬೆಂಚಿನಲ್ಲಿ ಕೂರುವವನು. ಬಸ್ ಕಂಪನಿಯವನು ಇನ್ನೂ ಹೊರಗಿನವನು.

ಇಂಥ ಇಕ್ಕಟ್ಟಿನಲ್ಲಿ ಯಾವ ಊರಿನ ಆಡಳಿತವಾದರೂ ಹಿಡಿಯುವ ದಾರಿ ಒಂದೇ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಪ್ಪಿಗೆ ಕೊಡು, ಜೊತೆಗೆ ಷರತ್ತು ಜೋಡಿಸು. ಈಗಾಗಲೇ ಸೇವೆಯಿರುವ ಎರಡು ಊರುಗಳ ನಡುವೆ ಬಸ್ಸು ಹಾದುಹೋಗಲಿ, ಅಲ್ಲಿ ಹತ್ತಿದವರನ್ನು ಅಲ್ಲೇ ಇಳಿಸುವಂತಿಲ್ಲ ಎಂಬುದು ಆ ಕಾಲದ ಪರವಾನಗಿಗಳಲ್ಲಿ ಮತ್ತೆ ಮತ್ತೆ ಕಾಣುವ ಷರತ್ತು. ಖಾಲಿ ಸೀಟಿನ ಬಸ್ಸು ಕಣ್ಣೆದುರೇ ಹೋಗುತ್ತಿದ್ದರೂ ಜನ ಹತ್ತುವಂತಿಲ್ಲ! ಇದನ್ನು ರಾಜಿ ಎಂದು ಕರೆಯುವುದು ನನಗೆ ಕಷ್ಟ.

ರೈಲಿನವರನ್ನು ಹೆದರಿಸಿ ನೋಡಿದ ಊರೂ ಇದೆ, ಅಲ್ಲಿ ಹಳಿಯ ಮೇಲಿದ್ದುದು ಟ್ರಾಮು. 1919ರ ನವೆಂಬರ್‌ನಲ್ಲಿ ಒಹಾಯೊದ ಟೊಲೀಡೊ ನಗರದ ಮತದಾರರು ಟ್ರಾಮ್ ಕಂಪನಿಯನ್ನು ಬೀದಿಯಿಂದ ಹೊರಹಾಕುವ ನಿರ್ಣಯಕ್ಕೆ ಮುದ್ರೆ ಒತ್ತಿದರು. ಕಂಪನಿ ತಕ್ಷಣ ತನ್ನ ಟ್ರಾಮುಗಳನ್ನೆಲ್ಲ ರಾತ್ರೋರಾತ್ರಿ ರಾಜ್ಯದ ಗಡಿ ದಾಟಿಸಿ ಮಿಷಿಗನ್ನಿಗೆ ಸಾಗಿಸಿಬಿಟ್ಟಿತು. ಬೆಳಗ್ಗೆ ಜನ ಎದ್ದು ನೋಡಿದರೆ ಹಳಿ ಇದೆ, ಬಂಡಿ ಇಲ್ಲ. ಕೆಲವು ವಾರ ಬಸ್ಸು, ಜಿಟ್ನಿ, ಸಿಕ್ಕಸಿಕ್ಕ ವಾಹನಗಳೇ ಊರನ್ನು ನಡೆಸಿದವು. ಕೊನೆಗೆ ಟ್ರಾಮು ಮರಳಿತು. ಹೊರಗಟ್ಟುವುದು ಸುಲಭ, ಮರುದಿನ ಬೆಳಗ್ಗೆ ಕಾರ್ಮಿಕರನ್ನು ಕಾರ್ಖಾನೆಗೆ ಮುಟ್ಟಿಸುವುದು ಕಷ್ಟ ಎಂದು ಸುತ್ತಲ ಊರುಗಳಿಗೂ ಗೊತ್ತಾಯಿತು.

ಇರುವುದು ಸಾಲದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್ ಮೆಟ್ಟಿಲನ್ನೂ ಹತ್ತಿತು. ಎ. ಜೆ. ಬಕ್ ಎಂಬಾತನಿಗೆ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಿಂದ ವಾಷಿಂಗ್ಟನ್ ರಾಜ್ಯದ ಸಿಯಾಟಲ್‌ವರೆಗೆ ಪೆಸಿಫಿಕ್ ಹೆದ್ದಾರಿಯಲ್ಲಿ ಬಸ್ಸು ಓಡಿಸಬೇಕಿತ್ತು. ಆರೆಗಾನ್ ಲೈಸೆನ್ಸ್ ಕೊಟ್ಟಿತು. ರೈಲೂ ಇದೆ, ಬೇರೆಯವರ ಮೋಟಾರು ಸೇವೆಗಳೂ ಇವೆ, ಸಾಕು ಎಂದು ವಾಷಿಂಗ್ಟನ್ ನಿರಾಕರಿಸಿತು. 1925ರಲ್ಲಿ ನ್ಯಾಯಮೂರ್ತಿ ಬ್ರ್ಯಾಂಡೈಸ್ ಬರೆದ ತೀರ್ಪು ನೇರವಾಗಿತ್ತು. ರಸ್ತೆ ಕಾಪಾಡಲು, ಅಪಘಾತ ತಡೆಯಲು ರಾಜ್ಯ ನಿಯಮ ಮಾಡಬಹುದು. ಆದರೆ ಇಲ್ಲಿನ ಉದ್ದೇಶ ಅದಲ್ಲ, ಪೈಪೋಟಿಯನ್ನೇ ತಡೆಯುವುದು. ರಾಜ್ಯಗಳ ನಡುವಿನ ವ್ಯಾಪಾರಕ್ಕೆ ಹೀಗೆ ಅಡ್ಡಗಾಲು ಹಾಕುವ ಹಕ್ಕು ರಾಜ್ಯಕ್ಕಿಲ್ಲ. ಅಲ್ಲಿಂದ ಹತ್ತು ವರ್ಷ, 1935ರ ಮೋಟಾರು ಸಾಗಣೆ ಕಾಯ್ದೆ ಬರುವವರೆಗೆ, ರಾಜ್ಯದ ಗಡಿ ದಾಟುವ ಬಸ್ಸಿಗೆ ‘ಸಾಕು’ ಎಂದು ತಡೆಯುವವರಿರಲಿಲ್ಲ. ಗಡಿಯೊಳಗೇ ಓಡುವ ಬಸ್ಸಿಗೆ ಮಾತ್ರ ಹಳೆಯ ತಕರಾರುಗಳೆಲ್ಲ ಹಾಗೇ ಇದ್ದವು.

ತೀರ್ಪು ಬಂದ ಅದೇ ವರ್ಷ ನಡೆದ ಇನ್ನೊಂದು ಬೆಳವಣಿಗೆ ನನಗೆ ಹೆಚ್ಚು ಕುತೂಹಲದ್ದು. 1925ರಲ್ಲಿ ಮಿನ್ನೆಸೋಟ ರಾಜ್ಯ ಬಸ್ಸುಗಳನ್ನು ರೈಲು ಮತ್ತು ಉಗ್ರಾಣ ಆಯೋಗದ ಹಿಡಿತಕ್ಕೆ ತಂದಿತು. ಅಲ್ಲಿನ ಗ್ರೇಟ್ ನಾರ್ದರ್ನ್ ರೈಲ್ವೆ ವಿಕ್‌ಮನ್ ಕಟ್ಟಿದ್ದ ನಾರ್ತ್‌ಲ್ಯಾಂಡ್ ಬಸ್ ಕಂಪನಿಯ ಬಹುಪಾಲನ್ನು ಕೊಂಡುಕೊಂಡಿತು. ಪೂರ್ವದಲ್ಲಿ ನ್ಯೂ ಹೇವನ್ ರೈಲ್ವೆ ಸ್ವಂತ ಬಸ್ ಕಂಪನಿ ತೆರೆಯಿತು. 1930ರ ಹೊತ್ತಿಗೆ ಬಲಾಢ್ಯ ಪೆನ್ಸಿಲ್ವೇನಿಯಾ ರೈಲ್ವೆಯೇ ಗ್ರೇಹೌಂಡಿನ ಜೊತೆ ಪಾಲುದಾರ. ಲೋಕಲ್ ರೈಲು ನಿಲ್ಲಿಸಿ ಬದಲಿಗೆ ಬಸ್ಸು ಕೊಡುತ್ತೇವೆ ಎಂದು ಅರ್ಜಿ ಹಿಡಿದು ಬರತೊಡಗಿದವರೂ ರೈಲಿನವರೇ. ರಸ್ತೆ ಯಾರ ದುಡ್ಡಿನದು, ತೆರಿಗೆ ಯಾರದು, ಹಾಲು ಟಪಾಲು ಏನಾಗಬೇಕು ಎಂಬ ಮಾತುಗಳು ಆಗ ಅವರ ಬಾಯಲ್ಲಿ ಬರಲಿಲ್ಲ. ತಕರಾರು ಬಸ್ಸಿನ ಮೇಲಲ್ಲ, ಬಸ್ಸು ಬೇರೆಯವನದು ಎಂಬುದರ ಮೇಲಿತ್ತು.

ಇಷ್ಟೆಲ್ಲ ವಾದ ನಡೆಯುವಾಗ ಯಾವ ಬೋರ್ಡಿನ ಅಪ್ಪಣೆಯನ್ನೂ ಕೇಳದೆ ಬಂದದ್ದು ಸ್ವಂತ ಕಾರು. ಫೋರ್ಡಿನ ಮಾಡೆಲ್ ಟಿ 1908ರಲ್ಲಿ 850 ಡಾಲರ್ ಇದ್ದದ್ದು 1920ರ ದಶಕದ ನಡುವೆ 300 ಡಾಲರಿನ ಒಳಗೆ ಇಳಿಯಿತು. ದೇಶದಲ್ಲಿ ನೋಂದಣಿಯಾದ ಕಾರುಗಳು 1920ರಲ್ಲಿ ಸುಮಾರು 80 ಲಕ್ಷ, 1929ರಲ್ಲಿ 2.3 ಕೋಟಿ. ರೈಲು ಪ್ರಯಾಣಿಕರು 1920ರಲ್ಲಿ ವರ್ಷಕ್ಕೆ 120 ಕೋಟಿಯ ಆಸುಪಾಸು, 1930ರಲ್ಲಿ ಸುಮಾರು 70 ಕೋಟಿ. ಆ ಇಳಿತದಲ್ಲಿ ಬಸ್ಸಿನ ಪಾಲಿಗಿಂತ ಕಾರಿನ ಪಾಲು ಬಹಳ ದೊಡ್ಡದು. ಕಾರು ಕೊಳ್ಳುವವನಿಗೆ ‘ಸಾರ್ವಜನಿಕ ಅಗತ್ಯ’ದ ಪ್ರಮಾಣಪತ್ರ ಬೇಕಿಲ್ಲ, ಅವನ ಎದುರು ವಕೀಲರನ್ನು ಕಳಿಸಲೂ ಆಗದು. ಕಾರಿಲ್ಲದವನು ಹತ್ತುವ ಬಸ್ಸನ್ನು ತಡೆದು, ಕಾರಿದ್ದವನು ಹೋಗುವುದನ್ನು ನೋಡುತ್ತ ನಿಂತವು ರೈಲು ಕಂಪನಿಗಳು. ಬಸ್ಸಿನಲ್ಲಿ ನಿಜವಾಗಿ ಕೂರಬೇಕಾದವರು, ಅಂದರೆ ಗಣಿ ಕಾರ್ಮಿಕ, ಮನೆಗೆಲಸದ ಹೆಂಗಸು, ಶಾಲೆಯ ಹುಡುಗ, ಆ ವಿಚಾರಣೆಗಳಲ್ಲಿ ಕಕ್ಷಿದಾರರೇ ಆಗಿರಲಿಲ್ಲ.

ಇದು ಅಮೆರಿಕದ್ದೇ ಕತೆಯಲ್ಲ. ನಮ್ಮಲ್ಲೂ 1930ರ ದಶಕದಲ್ಲಿ ರೈಲಿನವರು ಬಸ್ಸಿನಿಂದ ಕಂಗೆಟ್ಟರು. ಮಿಚೆಲ್ ಮತ್ತು ಕಿರ್ಕ್‌ನೆಸ್ ವರದಿ, 1933ರ ಶಿಮ್ಲಾ ಸಮ್ಮೇಳನ, ಕೊನೆಗೆ 1939ರ ಮೋಟಾರು ವಾಹನ ಕಾಯ್ದೆ ಬಂದವು. ರಸ್ತೆ-ರೈಲುಗಳ ಹೊಂದಾಣಿಕೆಯನ್ನು ನೋಡಿಕೊಳ್ಳಬೇಕೆಂಬ ಮಾತು ಆ ಕಾಯ್ದೆಯೊಳಗೇ ಇತ್ತು. ಪರ್ಮಿಟ್ಟಿನ ಅರ್ಜಿ, ಅದಕ್ಕೆ ಆಕ್ಷೇಪಣೆ, ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ (ಆರ್‌ಟಿಎ) ಸಭೆ ಎಂಬ ಪದ್ಧತಿ ಬೇರೂರಿದ್ದು ಅಲ್ಲಿಂದ. ಕರಾವಳಿಯಲ್ಲಿ ಖಾಸಗಿ ಬಸ್ಸು ಅಷ್ಟು ಬಲವಾಗಿ ನಿಂತದ್ದಕ್ಕೆ ಒಂದು ಕಾರಣ, ಅಡ್ಡಬರಲು ಅಲ್ಲಿ ಬಹುಪಾಲು ಕಡೆ ರೈಲೇ ಇಲ್ಲದ್ದು ಎಂದು ನನ್ನ ಅನಿಸಿಕೆ. ಘಟ್ಟ ಹತ್ತುವ ಮಂಗಳೂರು-ಹಾಸನ ರೈಲುಮಾರ್ಗ ಆದದ್ದು 1979ರಲ್ಲಿ. ಆ ಖಾಸಗಿಯವರೇ, ಮಂಗಳೂರು-ಉಡುಪಿಯಲ್ಲಿ ಕೇಂದ್ರದ ನಗರ ಯೋಜನೆ ‘ನರ್ಮ್’ ಅಡಿ ಸರ್ಕಾರಿ ಬಸ್ಸುಗಳು ಬಂದಾಗ, ಈಗಿರುವ ಬಸ್ಸು ಸಾಲದೇ ಎಂದು ತಕರಾರು ತೆಗೆದರು. ಮಾತು ಅದೇ, ಆಡುವ ಬಾಯಿ ಮಾತ್ರ ಬೇರೆ.

ಅಮೆರಿಕದಲ್ಲೂ ಹೀಗೇ ಆಯಿತು. 1935ರ ಕಾಯ್ದೆ ಆಗಲೇ ಓಡುತ್ತಿದ್ದ ಬಸ್ ಕಂಪನಿಗಳ ಹಕ್ಕನ್ನು ಹಾಗೆಯೇ ಮಾನ್ಯ ಮಾಡಿತು. ಹೊಸಬರನ್ನು ತಡೆಯುವ ಸರದಿ ಈಗ ಅವರದಾಯಿತು. 1982ರಲ್ಲಿ ಬಸ್ ಸುಧಾರಣಾ ಕಾಯ್ದೆ ಬಂದು ಹೊಸ ಮಾರ್ಗ ಹಿಡಿಯುವುದೂ ಸಲೀಸು, ಹಳೆಯದನ್ನು ಬಿಡುವುದೂ ಸಲೀಸು ಎಂದಾಯಿತು. ಕಂಪನಿಗಳು ಎರಡನೆಯದನ್ನು ಧಾರಾಳವಾಗಿ ಬಳಸಿಕೊಂಡವು. ಸಣ್ಣ ಊರುಗಳಲ್ಲಿ ಪ್ರಯಾಣಿಕರ ರೈಲು ಅದಾಗಲೇ ಹೋಗಿತ್ತು, ಈಗ ಬಸ್ಸೂ ಹೋಯಿತು. 1991ರ ಒಕ್ಕೂಟ ಕಾನೂನು ಗ್ರಾಮೀಣ ಸಾರಿಗೆಯ ಅನುದಾನದಲ್ಲಿ ಒಂದು ಪಾಲನ್ನು, ಹಂತಹಂತವಾಗಿ ಶೇಕಡ 15ರವರೆಗೆ, ಊರೂರುಗಳ ನಡುವಿನ ಬಸ್ಸಿಗೇ ಮೀಸಲಿಡಬೇಕೆಂದು ರಾಜ್ಯಗಳಿಗೆ ಹೇಳಿತು. ಒಂದು ಕಾಲಕ್ಕೆ ಬಸ್ಸನ್ನು ಬಾಗಿಲಲ್ಲಿ ನಿಲ್ಲಿಸಿ ವಿಚಾರಿಸುತ್ತಿದ್ದ ಊರುಗಳಿಗೆ ಈಗ ತೆರಿಗೆ ದುಡ್ಡು ಕೊಟ್ಟು ಅದನ್ನು ಕರೆಸಿಕೊಳ್ಳುವ ಸ್ಥಿತಿ. ಈ ಖರ್ಚನ್ನು ತಪ್ಪಿಸಿಕೊಳ್ಳಲೂ ಕಾನೂನಿನಲ್ಲಿ ದಾರಿಯಿದೆ. ನಮ್ಮ ರಾಜ್ಯದಲ್ಲಿ ಈಗಿರುವ ಬಸ್ಸೇ ಸಾಕು ಎಂದು ಗವರ್ನರ್ ಬರೆದುಕೊಟ್ಟರಾಯಿತು.