ಬಾಗಿಲು ಮುಚ್ಚುವ ಹಬ್ಬ

ಮಳೆಗಾಲದಲ್ಲಿ ಗೋಕಾಕ ಫಾಲ್ಸಿಗೆ ಬಂದವರಿಗೆ ಘಟಪ್ರಭೆಯ ಮೊರೆತ ಮೊದಲು ಕೇಳಿಸುತ್ತದೆ. ಹೊಳೆ ಕಾಣುವುದು ಆಮೇಲೆ. ಸುಮಾರು 170 ಅಡಿ ಎತ್ತರದಿಂದ ಕೆನ್ನೀರು ಧುಮುಕಿ, ಕೋಟಿ ಹನಿಗಳಾಗಿ ಒಡೆದು, ಕೆಳಗಿನ ಕಣಿವೆಯಲ್ಲಿ ಮತ್ತೆ ಒಂದೇ ಹೊಳೆಯಾಗಿ ಸಾಗುತ್ತದೆ. ದಂಡೆಯ ಮೇಲಿನ ಮಹಾಲಿಂಗೇಶ್ವರನ ಗುಡಿಯಲ್ಲಿ ಕುಳಿತು ನಾನು ಎಷ್ಟೋ ವರ್ಷ ಒಂದೇ ತಪ್ಪಿಗೆ ಕ್ಷಮೆ ಬೇಡಿದ್ದೇನೆ. ನಾನು ತಟ್ಟಬೇಕಾಗಿದ್ದ ಬಾಗಿಲು ಬೇರೆಯೆಂಬುದನ್ನು ಕಲಿಸಿದ್ದು ಯೆಹೂದ್ಯರ ಧರ್ಮವಿಚಾರ.

ಯೆಹೂದ್ಯರು ನಮಗೆ ತೀರ ದೂರದವರೇನಲ್ಲ. ಸಹ್ಯಾದ್ರಿಯ ಆಚೆ, ಕೊಂಕಣದ ಹಳ್ಳಿಗಳಲ್ಲಿ, ಬೆನೆ ಇಸ್ರಾಯೇಲರು ಶತಮಾನಗಳ ಕಾಲ ಎಣ್ಣೆಗಾಣವನ್ನು ನಂಬಿ ಬಾಳಿದರು. ಶನಿವಾರ ಗಾಣ ಹೂಡದ ಅವರನ್ನು ನೆರೆಯವರು ‘ಶನಿವಾರ ತೇಲಿ’ಗಳೆಂದು ಕರೆದರು, ತೇಲಿಯೆಂದರೆ ನಮ್ಮ ಗಾಣಿಗ. 1948ರ ತರುವಾಯ ಅವರಲ್ಲಿ ಬಹುಮಂದಿ ಇಸ್ರೇಲಿಗೆ ಹೋಗಿ ನೆಲೆಸಿದರು. ವರ್ಷಕ್ಕೊಮ್ಮೆ ಬರುವ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರಕ್ಕೆ ಅವರ ಮರಾಠಿಯಲ್ಲಿ ‘ಬಾಗಿಲು ಮುಚ್ಚುವ ಹಬ್ಬ’ವೆಂದು ಹೆಸರು. ಅಂದು ಬಿಳಿಯುಟ್ಟು, ಉಪವಾಸವಿದ್ದು, ಮನೆಯೊಳಗೇ ಉಳಿದು ದೇವರ ಕಡೆಗೆ ಮರಳುವುದು.

ಆದರೆ ಬಾಗಿಲು ಮುಚ್ಚುವ ಮೊದಲು ನೆರೆಯವನ ಬಾಗಿಲಿಗೆ ಹೋಗಬೇಕೆನ್ನುತ್ತದೆ ಯೆಹೂದ್ಯ ಶಾಸ್ತ್ರ. ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಮಿಶ್ನಾ ಎಂಬ ಧರ್ಮಸಂಹಿತೆಯ ಪ್ರಕಾರ, ದೇವರಿಗೆ ಎಸಗಿದ ತಪ್ಪನ್ನು ಆ ದಿನವು ತೊಳೆಯುತ್ತದೆ. ಮನುಷ್ಯನಿಗೆ ಎಸಗಿದ ತಪ್ಪನ್ನು, ಆ ಮನುಷ್ಯನನ್ನೇ ಸಮಾಧಾನಪಡಿಸುವ ತನಕ, ತೊಳೆಯಲಾರದು. ಅನ್ಯಾಯಕ್ಕೊಳಗಾದವನ ಪರವಾಗಿ ಕ್ಷಮಿಸುವ ಅಧಿಕಾರವನ್ನು ದೇವರು ತನ್ನಲ್ಲಿ ಇಟ್ಟುಕೊಂಡಿಲ್ಲವೆಂಬುದು ಎಂತಹ ದಿಟ್ಟ ವಿಚಾರ!

16ನೆಯ ಶತಮಾನದಲ್ಲಿ ಗೆಲಿಲಿಯ ಸಫೇದ್ ನಗರದ ಅನುಭಾವಿ ಐಸಾಕ್ ಲೂರಿಯಾ (1534–1572) ಈ ಹೊಣೆಯನ್ನು ವಿಶ್ವಕ್ಕೇ ವಿಸ್ತರಿಸಿದನು. ಸೃಷ್ಟಿಯ ಆದಿಯಲ್ಲಿ ದೈವೀ ಬೆಳಕನ್ನು ತಾಳಲಾರದೆ ಪಾತ್ರೆಗಳು ಒಡೆದವು. ಕಿಡಿಗಳು ಲೋಕದ ತುಂಬ ಚೆದರಿದವು. ಸತ್ಕರ್ಮದಿಂದ, ಪ್ರಾರ್ಥನೆಯಿಂದ ಅವನ್ನು ಎತ್ತಿ ಮೂಲದೊಡನೆ ಕೂಡಿಸುವುದು ಮನುಷ್ಯನ ಪಾಲಿನ ಕೆಲಸ. ಈ ಸರಿಪಡಿಸುವಿಕೆಗೆ ‘ತಿಕ್ಕುನ್’ ಎಂದು ಹೆಸರು. ನಮ್ಮ ಶರಣರಲ್ಲಿ ಅಂಗವು ಲಿಂಗದಲ್ಲಿ ಸಮರಸವಾಗುವುದು ಗುರಿ. ಲೂರಿಯಾನಲ್ಲಿಯಾದರೋ ಚೆದರಿದ ದೈವವೇ ಒಂದಾಗಲು ಮನುಷ್ಯನ ಕೈಯನ್ನು ಕಾಯುತ್ತದೆ. ಆದರೂ ಕಾಯಕವನ್ನು ಬಿಟ್ಟ ಭಕ್ತಿಯನ್ನು ಇಬ್ಬರೂ ಒಪ್ಪರು.

ಇನ್ನು ನನ್ನ ತಪ್ಪು. ಶಿಕ್ಷಕನಾಗಿದ್ದಾಗ ನಾನು ಗಿರಣಿ ಕೆಲಸಗಾರನ ಮಗನೊಬ್ಬನನ್ನು ತುಂಬಿದ ತರಗತಿಯಲ್ಲಿ ಕಳ್ಳನೆಂದೆ. ಕಳೆದುಹೋದ ಹಣ ಮರುವಾರ ನನ್ನದೇ ಪುಸ್ತಕದೊಳಗೆ ಸಿಕ್ಕಿತು. ನಾನು ಬಾಯಿ ಬಿಡಲಿಲ್ಲ. ಹುಡುಗ ಶಾಲೆ ಬಿಟ್ಟ.

ಕಳೆದ ಶ್ರಾವಣದಲ್ಲಿ ಅವನ ಮನೆಗೆ ಹೋದೆ. ಅವನ ತಲೆಯೂ ನರೆತಿತ್ತು. “ಬರ್ರಿ ಗುರುಗಳ, ಒಳಗ ಬರ್ರಿ,” ಎಂದು ಕೂರಿಸಿ, ಚಹಾ ಕೊಟ್ಟು, ಎಲ್ಲವನ್ನೂ ಕೇಳಿದ. ಬಹಳ ಹೊತ್ತಿನ ಮೇಲೆ ಎಂದ: “ನನಗೇನೂ ಸಿಟ್ಟಿಲ್ಲರಿ. ಆದ್ರ ಈ ಮಾತು ನಮ್ಮವ್ವ ಇದ್ದಾಗ ಹೇಳಬೇಕಿತ್ತು. ಆಕಿ ನಾ ಕದ್ದೇನಂತನ ತಿಳಕೊಂಡು ಹೋದ್ಲು.”

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬಸವಣ್ಣನವರ ಶತಮಾನದವನೇ ಆದ ಯೆಹೂದ್ಯ ಪಂಡಿತ ಮೈಮೊನಿಡೀಸ್ ಇಂತಹ ತಡವಾದ ಪಶ್ಚಾತ್ತಾಪಕ್ಕೂ ವಿಧಿಯೊಂದನ್ನು ಹೇಳಿದ್ದಾನೆ: ಅನ್ಯಾಯಕ್ಕೊಳಗಾದವರು ತೀರಿಹೋಗಿದ್ದರೆ ಹತ್ತು ಮಂದಿಯನ್ನು ಕರೆದುಕೊಂಡು ಸಮಾಧಿಯ ಬಳಿಗೆ ಹೋಗಿ, ಅವರೆದುರು ತಪ್ಪೊಪ್ಪಿಕೊಳ್ಳಬೇಕು. ಆ ತಾಯಿಯ ಸಮಾಧಿ ಊರಾಚೆಯ ಹೊಲದಲ್ಲಿದೆ. ತರಗತಿಯೆದುರು ಆಡಿದ ಮಾತನ್ನು ಹತ್ತು ಮಂದಿಯೆದುರಾದರೂ ಹಿಂದಕ್ಕೆ ತೆಗೆದುಕೊಳ್ಳಬೇಡವೆ? ಅಂದು ಆ ತರಗತಿಯಲ್ಲಿ ಕುಳಿತಿದ್ದವರನ್ನೇ ಹುಡುಕುತ್ತಿದ್ದೇನೆ. ಇದುವರೆಗೆ ಆರು ಮಂದಿ ಬರುತ್ತೇವೆಂದಿದ್ದಾರೆ.